ಹಿತ್ತಲ ಮೂರಡಿ

ಸೊಸೆ ಚಂದನಾ ಅಳತೆ ಟೇಪು ಹಿಡಿದು ಅಡುಗೆಮನೆಗೆ ಬಂದ ಬೆಳಿಗ್ಗೆ ಗುರುಬಸಮ್ಮ ಹಿತ್ತಲ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ವಿಷು ಕಳೆದು ಸ್ವಲ್ಪ ದಿನವಾಗಿತ್ತು. ಚೇಕಾಡಿಯ ಗದ್ದೆಗಳಲ್ಲಿ ಕೂಳೆ ಒಣಗಿ ದನಗಳು ಅಡ್ಡಾಡುತ್ತಿದ್ದವು. ಈ ಬೇಸಿಗೆಯಲ್ಲೇ ಅಡುಗೆಮನೆಗೆ ಟೈಲ್ಸ್ ಹಾಕಿಸುವುದು, ಅದರ ಹಿಂದೆ ಒಂದು ವರ್ಕ್ ಏರಿಯಾ ಕಟ್ಟಿಸುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ವರ್ಕ್ ಏರಿಯಾ ಇಲ್ಲದ ಮನೆ ವಯನಾಡಿನಲ್ಲಿ ಈಗ ಮನೆಯೇ ಅಲ್ಲ. ಸೌದೆ ಒಲೆ, ರುಬ್ಬುವ ಕಲ್ಲು, ಪಾತ್ರೆ ತೊಳೆಯುವ ಕಟ್ಟೆ ಎಲ್ಲವನ್ನೂ ಆ ಹಿಂದಿನ ಕೋಣೆಗೆ ತಳ್ಳಿ, ಒಳಗಿನ ಅಡುಗೆಮನೆಯನ್ನು ನೆಂಟರಿಗೆ ತೋರಿಸುವುದಕ್ಕೆ ಇಟ್ಟುಕೊಳ್ಳುತ್ತಾರೆ. ಪಕ್ಕದ ಮನೆಯ ರೀನ ಕಟ್ಟಿಸಿಕೊಂಡು ಎರಡು ವರ್ಷವಾಗಿತ್ತು.

ಟೇಪಿನ ಇನ್ನೊಂದು ತುದಿ ಗುರುಬಸಮ್ಮನ ಗಂಡ ಗುರುಮೂರ್ತಿಯ ಕಾಲ್ಬೆರಳ ಕೆಳಗಿತ್ತು. ಮುದುಕನಿಗೆ ಬಗ್ಗಿದರೆ ಸೊಂಟ ಹಿಡಿಯುತ್ತಿತ್ತು. ಆದರೆ ಸೊಸೆ ಕರೆದ ಕೆಲಸಕ್ಕೆ ಇಲ್ಲವೆಂದವನಲ್ಲ.

"ಮಾವ, ಕಾಲು ತೆಗೀಬೇಡಿ. ಹತ್ತು ಮುಕ್ಕಾಲು."

"ಆ ಕಡ ಹನ್ನೊಂದು ಅಂದೆ, ಈ ಕಡ ಹತ್ತು ಮುಕ್ಕಾಲಾ? ಎದುರು ಬದುರು ಗ್ವಾಡೆ ಅಲ್ವೇನವ್ವ?"

"ಗೋಡೆ ಕಟ್ಟಿದ್ದು ಯಾರು?"

"ನಾನೆ."

"ಅದಕ್ಕೇ."

ಗುರುಮೂರ್ತಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಚಂದನಾ ಇದ್ದಿಲ ಚೂರು ತೆಗೆದುಕೊಂಡು ಬಾಗಿಲ ಹಿಂದೆ ಗುಣಾಕಾರ ಬರೆದಳು. ಉದ್ದವನ್ನು ಅಗಲದಿಂದ ಗುಣಿಸಬೇಕು, ಒಲೆಕಟ್ಟೆ ನಿಂತ ಜಾಗ ಕಳೆಯಬೇಕು, ಬಾಗಿಲ ಸಂದು ಕೂಡಬೇಕು, ಕತ್ತರಿಸುವಾಗ ಒಡೆದು ಹಾಳಾಗುವುದಕ್ಕೆ ಹತ್ತಕ್ಕೊಂದರಂತೆ ಹೆಚ್ಚು ಹಿಡಿಯಬೇಕು. ಇದನ್ನೆಲ್ಲ ಅವಳು ಬತ್ತೇರಿಯ ಟೈಲ್ಸ್ ಅಂಗಡಿಯಲ್ಲಿ ಕೇಳಿ ತಿಳಿದುಕೊಂಡಿದ್ದಳು. ಅವಳು ಇಷ್ಟು ಉಮೇದಿನಲ್ಲಿ ಇದ್ದದ್ದನ್ನು ಮನೆಯವರು ನೋಡಿ ಬಹಳ ಕಾಲವಾಗಿತ್ತು.

ಆಮೇಲೆ ಅವಳು ಅತ್ತೆಯನ್ನು ದಾಟಿಕೊಂಡು ಹಿತ್ತಲಿಗೆ ಇಳಿದಳು. ಹಿಂಗೋಡೆಯಿಂದ ಟೇಪು ಎಳೆಯುತ್ತಾ ಹೋಗಿ ಕರಿಬೇವಿನ ಗಿಡವನ್ನೂ ದಾಟಿ ಒಂದು ಗೂಟ ಹೊಡೆದಳು.

"ಉದ್ದ ಹನ್ನೆರಡು, ಅಗಲ ಹತ್ತು. ನೂರಿಪ್ಪತ್ತು ಚದರಡಿ," ಎಂದಳು.

ಗುರುಬಸಮ್ಮನ ಕೈಯಲ್ಲಿದ್ದ ಹುಣಸೆಹಣ್ಣು ಕೈಯಲ್ಲೇ ಉಳಿಯಿತು. ಗೂಟಕ್ಕೂ ಕರಿಬೇವಿಗೂ ನಡುವೆ ಒಂದು ಗೇಣು ಅಂತರವಿತ್ತು. ಅಂದರೆ ಗಿಡ, ಗಿಡದ ಬುಡ, ಬುಡದ ಪಕ್ಕದ ಮಣ್ಣು ಎಲ್ಲವೂ ಗಾರೆಯ ಕೆಳಗೆ.

ಆ ಮಣ್ಣಿನಲ್ಲಿ ಅವಳ ಮೊಮ್ಮಗಳಿದ್ದಳು. ಎಂಟು ವರ್ಷದ ಹಿಂದೆ ಬತ್ತೇರಿಯ ಒಂದು ಆಸ್ಪತ್ರೆಯಲ್ಲಿ ಚಂದನಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಕೂಸು ಒಂದು ಹಗಲು ಉಸಿರಾಡಿತು. ಆಪರೇಶನ್ ಆಗಿ ಮಲಗಿದ್ದ ತಾಯಿಗೆ ಸರಿಯಾಗಿ ಎಚ್ಚರ ಬರುವ ಹೊತ್ತಿಗೆ ಅವಳ ಗಂಡ ಚೆಲುವರಾಜು ಕೂಸನ್ನು ಜೀಪಿನಲ್ಲಿ ಊರಿಗೆ ತಂದಾಗಿತ್ತು. ಹಲ್ಲು ಬಾರದ ಕೂಸನ್ನು ಹಿತ್ತಲಲ್ಲೇ ಇಡಬೇಕು, ಹತ್ತಿರವಿದ್ದರೆ ಅದು ಅದೇ ಹೊಟ್ಟೆಗೆ ತಿರುಗಿ ಬರುತ್ತದೆ ಎಂದು ಗುರುಬಸಮ್ಮ ತನ್ನ ತಾಯಿಯಿಂದ ಕೇಳಿದ್ದಳು. ಆ ಮಣ್ಣಿನ ಮೇಲೆ ಕಲ್ಲು, ಗಾರೆ ಬೀಳಬಾರದು. ಬಿದ್ದರೆ ದಾರಿ ಮುಚ್ಚಿದ ಹಾಗೆ. ಹೆತ್ತವಳಿಗಂತೂ ಜಾಗ ತೋರಿಸಲೇಬಾರದು, ಅವಳ ಕಣ್ಣೀರು ಅಲ್ಲಿ ಬಿದ್ದರೆ ಕೂಸು ಮೇಲೇಳುವುದಿಲ್ಲ. ಗಂಡ ಗುಂಡಿ ತೆಗೆದ, ಗುರುಬಸಮ್ಮ ಕೂಸಿಗೆ ನೀರು ಹಾಕಿ ತನ್ನ ಹಳೇ ಸೀರೆಯಲ್ಲಿ ಸುತ್ತಿ ಮಲಗಿಸಿದಳು. ಚಂದನಾಳಿಗೆ, ಬತ್ತೇರಿಯಲ್ಲೇ ಮಣ್ಣು ಮಾಡಿದರು ಎಂದು ಹೇಳಿದರು.

ಚಂದನಾ ಆಗ ಮರುಮಾತು ಕೇಳಲಿಲ್ಲ, ಆಮೇಲೂ ಒಂದು ಸಲವೂ ಕೇಳಲಿಲ್ಲ. ಹೆತ್ತ ಕೂಸನ್ನು ಎಲ್ಲಿಟ್ಟರು ಎಂದು ಕೇಳದವಳ ಎದೆ ಎಂಥದ್ದಿರಬೇಕು ಎಂದು ಗುರುಬಸಮ್ಮ ಒಳಗೊಳಗೇ ಬೇಯುತ್ತಿದ್ದಳು. ಮತ್ತೆ ಮಕ್ಕಳಾಗಲಿಲ್ಲ. ಆದರೂ ಗುರುಬಸಮ್ಮ ಕಾಯುವುದನ್ನು ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಕರಿಬೇವಿಗೆ ನೀರು ಹಾಕುವ ನೆಪದಲ್ಲಿ ಆ ಮಣ್ಣನ್ನು ತಂಪಾಗಿಡುತ್ತಿದ್ದಳು. ಈಗ ಸೊಸೆ ತಾನೇ ಗೂಟ ಹೊಡೆದು ತನ್ನ ಹೊಟ್ಟೆಯ ದಾರಿಯನ್ನು ಮುಚ್ಚಲು ಹೊರಟಿದ್ದಳು.

"ಅಷ್ಟುದ್ದ ಯಾಕವ್ವ? ಒಂಬತ್ತು ಅಡಿ ಸಾಕು," ಎಂದಳು ಗುರುಬಸಮ್ಮ.

"ಹನ್ನೆರಡು ಬೇಕು ಅತ್ತೆ."

"ಕರಿಬೇವು ಹೋಯ್ತದ."

"ಬೇರೆ ಗಿಡ ನೆಟ್ರಾಯ್ತು."

ಅಷ್ಟು ಸಲೀಸಾಗಿ ಅಂದುಬಿಟ್ಟಳಲ್ಲ ಎಂದು ಗುರುಬಸಮ್ಮನಿಗೆ ಮೈಯೆಲ್ಲ ಉರಿಯಿತು.

ರಾತ್ರಿ ಊಟಕ್ಕೆ ನಾಲ್ವರೂ ಕೂತಾಗ ಅವಳು ಮಾತು ತೆಗೆದಳು. ಹೊಸಗೋಡೆ ಗದ್ದೆಯ ಕಡೆಗೆ ಅಷ್ಟು ಮುಂದೆ ಹೋದರೆ ಆನೆ ಬಂದು ಒರಗುತ್ತದೆ ಎಂದಳು. ಆನೆಗೆ ಒಂಬತ್ತು ಅಡಿ ಯಾವ ಲೆಕ್ಕ, ಹನ್ನೆರಡು ಅಡಿ ಯಾವ ಲೆಕ್ಕ ಎಂದು ಸೊಸೆ ಕೇಳಿದಳು. ಮನೆಗೆ ಬಾಲ ಬೆಳೆದ ಹಾಗೆ ಕಾಣುತ್ತದೆ ಎಂದಳು ಅತ್ತೆ. ಹಿತ್ತಲಿಗೆ ಬಂದು ನೋಡುವವರು ಯಾರು ಎಂದಳು ಸೊಸೆ. ಚೆಲುವರಾಜು ತಲೆ ಎತ್ತದೆ ಮಜ್ಜಿಗೆ ಅನ್ನ ಕಲಸುತ್ತಿದ್ದ. ಹೆಂಗಸರ ಜಗಳದಲ್ಲಿ ಅನ್ನ ಕಲಸುವುದಕ್ಕೆ ಅವನಷ್ಟು ಹೊತ್ತು ಯಾರೂ ತೆಗೆದುಕೊಳ್ಳುತ್ತಿರಲಿಲ್ಲ.

"ಲೆಕ್ಕ ನಂಗೂ ಬತ್ತದ," ಎಂದಳು ಗುರುಬಸಮ್ಮ. "ಒಲಗ ಮೂರಡಿ, ರುಬ್ಬೋ ಕಲ್ಲಿಗ ಎರಡು, ಪಾತ್ರ ಕಟ್ಟಗ ನಾಕು. ಒಂಬತ್ತಾಯ್ತಲ್ಲ? ಮಿಕ್ಕ ಮೂರಡೀಲಿ ಏನ್ ಮಾಡೀಯ?"

"ಏನೂ ಮಾಡಲ್ಲ."

"ಅಂದ್ರ?"

"ಖಾಲಿ ಬಿಡ್ತೀನಿ."

"ಖಾಲಿ ಬುಡಕ್ಕ ಯಾರಾದ್ರೂ ಮನ ಕಟ್ಟಾರ? ಹಟಕ್ಕ ಅನ್ನು, ಒಪ್ಕತೀನಿ."

"ಹಟ ಅಂತಾನೇ ಇಟ್ಕೊಳ್ಳಿ ಅತ್ತೆ," ಎಂದು ಚಂದನಾ ಎದ್ದು ಕೈತೊಳೆಯಲು ಹೋದಳು.

ಅಲ್ಲಿಂದ ಆ ಮನೆಯಲ್ಲಿ ಮೂರಡಿಯ ಮಾತಲ್ಲದೆ ಬೇರೆ ಮಾತಿರಲಿಲ್ಲ. ಬೇಸಾಯದ ಮಾತು, ಶುಂಠಿ ಬಿತ್ತುವ ಮಾತು, ಕೊಟ್ಟಿಗೆಯ ದನದ ಮಾತು ಎಲ್ಲವೂ ಸುತ್ತಿ ಬಳಸಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಗುರುಬಸಮ್ಮ ಕಡೆಗೆ ತನಗೆ ತಿಳಿದ ಒಂದೇ ಅಸ್ತ್ರ ತೆಗೆದಳು, ಉಣ್ಣುವುದನ್ನು ಬಿಟ್ಟಳು. ಚಂದನಾ ಹೊತ್ತುಹೊತ್ತಿಗೆ ತಟ್ಟೆ ಬಡಿಸಿ, ಮುಚ್ಚಿ, ಅತ್ತೆಯ ಮಂಚದ ಪಕ್ಕ ಇಟ್ಟು ಹೋಗುತ್ತಿದ್ದಳು. ಸಂಜೆ ಅದನ್ನು ದನಕ್ಕೆ ಹಾಕುತ್ತಿದ್ದಳು.

"ಅವ್ವ ಎರಡು ದಿನದಿಂದ ಉಂಡಿಲ್ಲ," ಎಂದ ಚೆಲುವರಾಜು.

"ನಾನೂ ಉಂಡಿಲ್ಲ," ಎಂದಳು ಚಂದನಾ. "ನನ್ನ ತಟ್ಟೆ ಯಾರೂ ನೋಡಲ್ಲ, ಅಷ್ಟೆ."

ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಗುರುಬಸಮ್ಮನಿಗೆ ಆ ಮಾತು ಕೇಳಿಸಿತು. ಹುಲ್ಲು ಹಾಕಲು ಬಂದ ಗುರುಮೂರ್ತಿ ಹೆಂಡತಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ.

"ಬಸಮ್ಮಿ, ಹೇಳ್ಬುಡು ಅವಳ್ಗ. ಹೆತ್ತವಳು ಅವಳು. ಎಲ್ಲದ ಅಂತ ತಿಳ್ಕಳಕ್ಕ ಹಕ್ಕಿಲ್ವ?"

"ನೀ ಸುಮ್ಕಿರು. ತಿಳುದ್ರ ಅಲ್ಲೋಗಿ ಕೂತು ಅತ್ತಾಳು. ಆಮೇಲ ಅದು ಬರಕ್ಕುಂಟಾ?"

"ಇನ್ನೂ ಬತ್ತದ ಅಂತ ಇದ್ದೀಯ? ಎಂಟು ವರ್ಷ ಆಯ್ತಲ್ಲ."

"ಅವಳ್ಗೇನ್ ಅಂಥಾ ವಯಸ್ಸಾಗದ? ನಾನು ಚೆಲುವನ ಹೆತ್ತಾಗ ನಂಗೆಷ್ಟಾಗಿತ್ತು, ಗ್ಯಾನ ಅದಾ ನಿಂಗ?"

ಗುರುಮೂರ್ತಿಗೆ ಜ್ಞಾಪಕವಿತ್ತು. ಮದುವೆಯಾಗಿ ಹನ್ನೆರಡು ವರ್ಷ ಗೊಡ್ಡು ಅನ್ನಿಸಿಕೊಂಡ ಹೆಂಗಸು ಅವಳು. ಅವನು ಹುಲ್ಲು ಉದುರಿಸಿ ಎದ್ದು ಹೋದ. ಗುರುಬಸಮ್ಮ ಹಾಲಿನ ಚೊಂಬಿಗೆ ಮುಖ ಬಗ್ಗಿಸಿ ಅತ್ತಳು. ಸೊಸೆಯ ಮೇಲೆ ಸಿಟ್ಟೂ ಇತ್ತು, ಸೊಸೆಯ ಮಡಿಲು ತುಂಬಲೆಂಬ ಆಸೆಯೂ ಇತ್ತು. ಎರಡೂ ಒಂದೇ ಎದೆಯಲ್ಲಿ ಗುದ್ದಾಡುತ್ತಿದ್ದವು.

ಆ ಸಂಜೆ ಅವಳು ಮಗನನ್ನು ಗದ್ದೆಯ ಬದುವಿನಲ್ಲಿ ಹಿಡಿದಳು.

"ಲೋ ಚೆಲುವ, ನಿನ್ನ ಕೈಯಾರೆ ಮಣ್ಣು ಎಳದವ್ನೆ, ನೀನೂ ಮರ್ತಾ?"

"ಮರ್ತಿಲ್ಲ ಕನವ್ವ."

"ಮತ್ತ ಅದರ ಮೇಲ ಗಾರ ಹಾಕ್ಸೀಯ? ನೆಲ ಒರೆಸೋ ನೀರು, ಎಂಜಲು ನೀರು ಅದರ ಮೇಲ ಹರೀಬೇಕಾ? ನಾನು ಸಾಯೋಗಂಟ ಆದ್ರೂ ಆ ಮಣ್ಣು ಮುಟ್ಬ್ಯಾಡ. ಆಮೇಲ ಏನಾದ್ರೂ ಮಾಡ್ಕಳಿ."

ಚೆಲುವರಾಜು ಏನೋ ಹೇಳಲು ಬಾಯಿ ತೆರೆದ. ಅವ್ವನ ಮುಖ ನೋಡಿ ಬಾಯಿ ಮುಚ್ಚಿಕೊಂಡ. "ಆಯ್ತು ಬುಡು," ಎಂದ.

ಪುಲ್ಪಳ್ಳಿಯ ಮೇಸ್ತ್ರಿ ಸುಜೀಶ್ ಪಾಯಕ್ಕೆ ದಾರ ಕಟ್ಟಲು ಬಂದದ್ದು ಚಂದನಾ ಕುಟುಂಬಶ್ರೀ ಮಹಿಳಾ ಸಂಘದ ಸಭೆಗೆ ಹೋದ ಮಧ್ಯಾಹ್ನ. ಆ ದಿನವನ್ನೇ ಹೇಳಿ ಕರೆಸಿದವಳು ಗುರುಬಸಮ್ಮ. ಗೂಟ ಕಿತ್ತು ಈಚೆಗೆ ಹೊಡೆಯುವಾಗ ಸುಜೀಶ್ ಮುಖ ಸಿಂಡರಿಸಿದ.

"ನಿಮ್ಮ ಹೆಂಡತಿ ಚೇಚಿ ನನ್ನತ್ರ ಹನ್ನೆರಡು ಅಂದದ್ದಲ್ಲ ಚೇಟಾ? ನಾಳೆ ಬಂದು ನನ್ನ ಹತ್ತಿರ ಜಗಳ ಆಡ್ಬಾರ್ದು."

"ಒಂಬತ್ತು," ಎಂದ ಚೆಲುವರಾಜು.

"ಶೆರಿ. ನನಗೇನು, ಕೂಲಿ ಒಂದೇ."

ಚಂದನಾ ಬಂದಾಗ ಆಳುಗಳು ಅಗೆಯಲು ಶುರು ಮಾಡಿದ್ದರು. ಅವಳು ಚೀಲವನ್ನು ಭುಜದಿಂದ ಇಳಿಸದೆ ಹಿತ್ತಲಿಗೆ ಬಂದು ದಾರದ ಪಕ್ಕ ನಿಂತಳು. ದಾರ ಕರಿಬೇವಿಗಿಂತ ಬಹಳ ಈಚೆಗಿತ್ತು. ಗುರುಬಸಮ್ಮ ಬಾಗಿಲಲ್ಲಿ ಸೆರಗು ಸಿಕ್ಕಿಸಿ ಜಗಳಕ್ಕೆ ಸಿದ್ಧಳಾಗಿ ನಿಂತಿದ್ದಳು. ಆದರೆ ಸೊಸೆ ಅವಳ ಕಡೆ ತಿರುಗಲಿಲ್ಲ.

"ನೀವೇ ಹೇಳಿದ್ರಾ?" ಎಂದು ಗಂಡನನ್ನು ಕೇಳಿದಳು.

"ಅವ್ವ ಅಷ್ಟು ಹೇಳ್ತಾ ಅವಳಲ್ಲ..."

"ಅತ್ತೆ ಏನಂದ್ರು ಅಂತ ಕೇಳ್ಲಿಲ್ಲ ನಾನು. ನಿಮ್ಮನ್ನ ಕೇಳ್ದೆ. ನಿಮ್ಗೂ ಒಂಬತ್ತೇ ಸಾಕಾ?"

ಚೆಲುವರಾಜು ನೆಲ ನೋಡಿದ. "ಸಾಕು ಬುಡು," ಎಂದ.

ಚಂದನಾ ಒಳಗೆ ಹೋಗಿ ಆಳುಗಳಿಗೆ ಚಹಾಕ್ಕೆ ನೀರಿಟ್ಟಳು. ಅವಳು ಕೂಗಾಡಲಿಲ್ಲ, ಪಾತ್ರೆ ಕುಕ್ಕಲಿಲ್ಲ. ಗೆದ್ದವಳಿಗೆ ಗೆದ್ದ ಹಾಗೆ ಅನ್ನಿಸಲು ಎದುರಿನವರು ಒಂದಿಷ್ಟಾದರೂ ಕೂಗಾಡಬೇಕು. ಹಾಗಿದ್ದರೂ ಗುರುಬಸಮ್ಮ ಅಂದು ರಾತ್ರಿ ಹೊಟ್ಟೆ ತುಂಬ ಉಂಡಳು, ಎರಡು ಸಲ ಸಾರು ಹಾಕಿಸಿಕೊಂಡಳು. ಮರುದಿನ ಕರಿಬೇವಿಗೆ ನೀರು ಹಾಕುವಾಗ, "ಯಾರೂ ನಿನ್ ತಂಟಗ ಬರಲ್ಲ ಮಗ, ನೀ ಹೊರಡು," ಎಂದು ಮೆಲ್ಲಗೆ ಹೇಳಿದಳು.

ಮೇ ತಿಂಗಳು ಪೂರ್ತಿ ಕೆಲಸ ನಡೆಯಿತು. ಗೋಡೆ ಎದ್ದಿತು, ಮೇಲೆ ಶೀಟು ಕೂತಿತು. ಟೈಲ್ಸ್ ಯಾವ ಬಣ್ಣದ್ದು ಬೇಕು ಎಂದು ಚೆಲುವರಾಜು ಹೆಂಡತಿಯನ್ನು ಕೇಳಿದ್ದಕ್ಕೆ, "ಯಾವ್ದಾದ್ರೂ ತನ್ನಿ," ಎಂದಳು. ಅವನೊಬ್ಬನೇ ಬತ್ತೇರಿಗೆ ಹೋಗಿ ಬೂದುಬಣ್ಣದ್ದನ್ನು ತಂದ. ಸುಜೀಶ್ ನೆಲ ಹಾಸಿದ. ಶೀಟಿನ ತುದಿಗೆ ಮಳೆನೀರು ಹಿಡಿದು ಆಚೆ ಸಾಗಿಸುವ ದೋಣಿ ಕಟ್ಟಿಸಿ ಎಂದು ಅವನು ಹೇಳಿದ. ಶುಂಠಿ ಬಿತ್ತನೆ ಮುಗಿಯಲಿ ಎಂದು ಚೆಲುವರಾಜು ಮುಂದೂಡಿದ. ಗೋಡೆ ನೆನೆಯದಿರಲೆಂದು ಶೀಟನ್ನು ಗೋಡೆಯಿಂದ ಎರಡಡಿ ಆಚೆಗೆ ಚಾಚಿ ಬಿಟ್ಟಿದ್ದರು. ಅದು ಎಲ್ಲಿಗೆ ಬರುತ್ತದೆ ಎಂದು ಅಳೆಯುವ ಯೋಚನೆ ಮನೆಯಲ್ಲಿ ಯಾರಿಗೂ ಬರಲಿಲ್ಲ. ಅಳೆಯುವವಳು ಟೇಪು ಮುಟ್ಟುವುದನ್ನೇ ಬಿಟ್ಟಿದ್ದಳು.

ಹೊಸ ಒಲೆಯಲ್ಲಿ ಹಾಲು ಉಕ್ಕಿಸಿದ ದಿನ ರೀನ ಬಂದು, ಎಲ್ಲ ಚೆನ್ನಾಗಿದೆ, ಸ್ವಲ್ಪ ಇಕ್ಕಟ್ಟಾಯಿತು ಅಷ್ಟೆ ಎಂದು ಮಲಯಾಳದಲ್ಲಿ ಹೇಳಿ ಹೋದಳು. ಚಂದನಾ ನಕ್ಕಳು. ಅತ್ತೆಗೆ ಬಡಿಸುವುದು, ಕಾಲಿಗೆ ಎಣ್ಣೆ ಕಾಯಿಸಿ ಕೊಡುವುದು ಯಾವುದೂ ತಪ್ಪಲಿಲ್ಲ. ಮಾತು ಮಾತ್ರ ಉಪ್ಪು, ಹುಳಿ, ನೀರು ಎಂಬಷ್ಟಕ್ಕೆ ಬಂದು ನಿಂತಿತ್ತು. ಗುರುಬಸಮ್ಮನಿಗೆ ಜಗಳವೇ ಎಷ್ಟೋ ವಾಸಿಯಿತ್ತು ಅನ್ನಿಸುತ್ತಿತ್ತು.

ಇಡವಪಾತಿ, ಅಂದರೆ ಮುಂಗಾರು ಮಳೆ, ಆ ವರ್ಷ ಒಂದು ಮಧ್ಯಾಹ್ನ, ಉಂಡು ಮಲಗಿದ್ದ ಹೊತ್ತಿಗೆ ಬಂತು. ಶೀಟಿನ ಮೇಲೆ ಕಲ್ಲು ಸುರಿದಷ್ಟು ಸದ್ದು. ಗುರುಬಸಮ್ಮನಿಗೆ ಎಚ್ಚರವಾಗಿ, ಒಣಗಲು ಹಾಕಿದ್ದ ಸೌದೆ ನೆನೆಯುತ್ತದೆ ಎಂದು ಹೊಸ ಕೋಣೆ ದಾಟಿ ಹಿಂಬಾಗಿಲಿಗೆ ಬಂದಳು.

ಶೀಟಿನ ಏಣಿನಿಂದ ನೀರು ಸಾಲಾಗಿ ಧಾರೆಗಟ್ಟಿ ಬೀಳುತ್ತಿತ್ತು. ಬಿದ್ದಲ್ಲೆಲ್ಲ ಮಣ್ಣು ಕಿತ್ತು ಕೆಂಪಗೆ ಹರಿಯುತ್ತಿತ್ತು. ಸಾಲು ಸರಿಯಾಗಿ ಕರಿಬೇವಿನ ಬುಡದ ಮೇಲಿತ್ತು. ಒಂಬತ್ತು ಅಡಿಗೆ ಗೋಡೆ, ಅದರಾಚೆ ಎರಡಡಿ ಶೀಟು. ಗುರುಬಸಮ್ಮ ಜಗಳವಾಡಿ, ಉಪವಾಸ ಬಿದ್ದು ಉಳಿಸಿಕೊಂಡ ಮಣ್ಣಿನ ಮೇಲೇ ಇಡೀ ಸೂರಿನ ನೀರು ಸುರಿಯುತ್ತಿತ್ತು.

ಅಲ್ಲಿ ಚಂದನಾ ಮಂಡಿಯೂರಿ ಕೂತಿದ್ದಳು. ಹರಿದು ಹೋಗುವ ಮಣ್ಣನ್ನು ಎರಡೂ ಕೈಯಲ್ಲಿ ಬಳಿದು ಬಳಿದು ಹಿಂದಕ್ಕೆ ಎಳೆದು ಗುಂಡಿಗೆ ತುಂಬುತ್ತಿದ್ದಳು. ತುಂಬಿದಷ್ಟನ್ನು ನೀರು ಕೊಚ್ಚುತ್ತಿತ್ತು. ಧಾರೆಗೆ ತನ್ನ ಬೆನ್ನು ಒಡ್ಡಿ ಅವಳು ಮತ್ತೆ ತುಂಬುತ್ತಿದ್ದಳು.

ಗುರುಬಸಮ್ಮ ಗೋಡೆ ಹಿಡಿದು ಇಳಿದು ಹೋಗಿ ಸೊಸೆಯ ಪಕ್ಕ ಕೆಸರಿನಲ್ಲೇ ಕುಸಿದಳು.

"ನಿಂಗ ಯಾರವ್ವ ಹೇಳ್ದವರು?"

"ಯಾರೂ ಹೇಳ್ಲಿಲ್ಲ." ಚಂದನಾ ಕೈ ನಿಲ್ಲಿಸಲಿಲ್ಲ. "ತೌರಿನಿಂದ ಬಾಣಂತನ ಮುಗಿಸ್ಕೊಂಡು ಬಂದಾಗ ಇಲ್ಲಿ ಮುಳ್ಳು ಹೊದಿಸಿತ್ತು, ನಾಯಿ ಕೆದಕದ ಹಾಗೆ. ನಿಮ್ಮ ಮಗ ಇಲ್ಲಿ ಓಡಾಡುವಾಗೆಲ್ಲ ಸುತ್ತಿ ಹೋಗೋರು. ಇನ್ನೇನ್ ಹೇಳ್ಬೇಕಿತ್ತು ಅತ್ತೆ?"

"ಗೊತ್ತಿದ್ದೂ ಒಂದು ಮಾತು ಕೇಳ್ಲಿಲ್ವಲ್ಲವ್ವ ನೀನು!"

"ಕೇಳಿದ್ರೆ ಅಗೆದು ಬೇರೆ ಕಡೆ ಹಾಕ್ತೀರೇನೋ ಅಂತ ಹೆದ್ರಿಕೆ ಆಯ್ತು. ಗೊತ್ತಿಲ್ದೋಳ ಥರ ಇದ್ರೆ ಇಲ್ಲೇ ಇರ್ತಾಳೆ ಅಂತ ಇದ್ದೆ. ಮಳೆ ಬಂದಾಗೆಲ್ಲ ನಂಗೆ ನಿದ್ದೆ ಬರಲ್ಲ ಅತ್ತೆ. ಎಂಟು ಮಳೆಗಾಲ ನೆಂದಳು. ಅದಕ್ಕೇ ಹನ್ನೆರಡು ಅಡಿ ಅಂದದ್ದು. ಪಾಯದ ಗುಂಡಿ ತಾಕ್ಬಾರ್ದು ಅಂತ ಅಷ್ಟು ದೂರ ಅಳತೆ ಮಾಡ್ದೆ. ಆ ಮೂಲೇಲಿ ಯಾರೂ ತುಳೀದೆ ಇರ್ಲಿ, ಒಳಗೆ ನಮ್ಮ ಜೊತೆ ಇರ್ಲಿ ಅಂತ."

ಗುರುಬಸಮ್ಮ ಎದೆ ಎದೆ ಬಡಿದುಕೊಂಡಳು. "ಗಾರ ಮುಚ್ಚುದ್ರ ತಿರುಗಿ ಬರಲ್ಲ ಅಂತಾರ ಕನವ್ವ. ನಿನ್ ಹೊಟ್ಟಗೇ ಬರ್ಲಿ ಅಂತ ನಾನು..."

"ಬರಲ್ಲ ಅತ್ತೆ. ಹೋದ ವರ್ಷ ಡಾಕ್ಟ್ರು ಹೇಳ್ಬಿಟ್ರು, ಇನ್ನು ಆಗಲ್ಲ ಅಂತ. ನೀವು ದಿನಾ ಇಲ್ಲಿ ನೀರು ಹಾಕೋದು ನೋಡಿ, ನಿಮ್ಗೆ ಹೇಳೋಕೆ ನಮ್ಮಿಬ್ರಿಗೂ ಬಾಯಿ ಬರ್ಲಿಲ್ಲ."

ಮುದುಕಿಗೆ ಅಳು ಕೂಡ ಬರಲಿಲ್ಲ. ಎಂಟು ವರ್ಷ ಕಾದದ್ದು, ಹಟ ಹಿಡಿದದ್ದು, ಉಪವಾಸ ಬಿದ್ದದ್ದು ಎಲ್ಲ ಆ ಕೆಂಪು ನೀರಿನಲ್ಲಿ ಕಣ್ಣೆದುರೇ ಹರಿದು ಗದ್ದೆಗೆ ಇಳಿಯುತ್ತಿತ್ತು. ಅವಳು ಬಗ್ಗಿ ತಾನೂ ಮಣ್ಣು ಬಳಿಯತೊಡಗಿದಳು. ಚೆಲುವರಾಜು ಬಾಗಿಲಿಗೆ ಬಂದವನು ಇಬ್ಬರನ್ನೂ ನೋಡಿ ಓಡಿಹೋಗಿ ಶುಂಠಿ ಮುಚ್ಚುವ ಟಾರ್ಪಾಲು ತಂದ. ಹಿಂದೆಯೇ ಬಂದ ಗುರುಮೂರ್ತಿ ಒಂದು ತುದಿ ಹಿಡಿದ, ಮಗ ಇನ್ನೊಂದು ತುದಿಯನ್ನು ಶೀಟಿನ ಕಂಬಕ್ಕೆ ಬಿಗಿದ. ಧಾರೆ ಆಚೆಗೆ ಸರಿಯಿತು. ಗಂಡಸರಿಬ್ಬರೂ ಟಾರ್ಪಾಲು ಹಿಡಿದುಕೊಂಡೇ ಬೇರೆ ಕಡೆ ನೋಡುತ್ತಾ ನಿಂತರು.

ಟಾರ್ಪಾಲಿನ ಕೆಳಗೆ ಚಂದನಾ ಕೈ ನಿಲ್ಲಿಸಿದಳು. ಮಣ್ಣಿನ ಮೇಲೆ ಅಂಗೈ ಊರಿಕೊಂಡು, ಎಷ್ಟೋ ವಾರದ ಮೇಲೆ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು.

"ಅತ್ತೆ, ಅವಳ್ಗೆ ಮೈ ತೊಳ್ದು ಮಲಗ್ಸಿದ್ದು ನೀವೇ ಇರ್ಬೇಕು. ನಾನು ಮುಖಾನೇ ನೋಡ್ಲಿಲ್ಲ. ಹೆಂಗಿದ್ಳು?"

ಎಂಟು ವರ್ಷದಲ್ಲಿ ಈ ಒಂದನ್ನು ಈ ಹುಡುಗಿಗೆ ಕೊಡಬಹುದಿತ್ತು, ಕೊಡದೆ ಗುರುಬಸಮ್ಮ ಬಚ್ಚಿಟ್ಟುಕೊಂಡಿದ್ದಳು.

"ತಲ ತುಂಬ ಕೂದ್ಲು ಕನವ್ವ, ಕರ್ರಗ. ಬಲಗೈ ಮುಷ್ಟಿ ಕಟ್ಕಂಡಿತ್ತು. ಬಿಡಿಸಿ ತೊಳ್ದೆ. ಬೆರಳೆಲ್ಲ ಉದ್ದುದ್ದ, ನಿನ್ನವೇ."

ಚಂದನಾ ತನ್ನ ಕೆಸರು ಮೆತ್ತಿದ ಬೆರಳುಗಳನ್ನು ನೋಡಿಕೊಂಡಳು.

"ಇನ್ನೂ ಹೇಳಿ ಅತ್ತೆ," ಎಂದಳು.